ಬೇರೆ ತಂಡ ಕಟ್ಟಿದರೆ ಊರಿಗೆ ಬೇರೆಯಾಗಿಬಿಡುತ್ತಾರಾ?

ಪ್ರಶ್ನೆ: ನನ್ನ ಮಗ ಇಟಲಿಯ ನೇಪಲ್ಸ್‌ನಲ್ಲಿ ಓದುತ್ತಿದ್ದಾನೆ. ಸಂಜೆ ಹೊತ್ತು ಸೆನೆಗಲ್, ಗ್ಯಾಂಬಿಯಾದ ಹುಡುಗರ ಜೊತೆ ಫುಟ್‌ಬಾಲ್ ಆಡುತ್ತಾನೆ. ಈಗ ಎಲ್ಲರೂ ಸೇರಿ ಕ್ಲಬ್ ಮಾಡುತ್ತಾರಂತೆ. ಹೊರಗಿನವರೇ ತಂಡ ಕಟ್ಟಿದರೆ ಊರಿನವರಿಂದ ಇನ್ನೂ ದೂರ ಆಗುವುದಿಲ್ಲವೇ? ಏನಾದರೂ ತೊಂದರೆ ಬರುತ್ತದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ ಅಮ್ಮ. ಆದರೆ ಅದೇ ನೇಪಲ್ಸ್‌ನಲ್ಲಿ ಇದಕ್ಕೆ ಉತ್ತರ ಆಗಲೇ ಸಿಕ್ಕಿದೆ.

2008ರ ಸೆಪ್ಟೆಂಬರ್‌ನಲ್ಲಿ ನೇಪಲ್ಸ್ ಹತ್ತಿರದ ಕಾಸ್ಟೆಲ್ ವೋಲ್ತುರ್ನೊದಲ್ಲಿ ಮಾಫಿಯಾ ಗುಂಪೊಂದು ಆರು ಆಫ್ರಿಕನ್ ವಲಸಿಗರನ್ನು ಗುಂಡಿಟ್ಟು ಕೊಂದಿತ್ತು. ಮಾರನೇ ವರ್ಷ, 2009ರಲ್ಲಿ, ನೇಪಲ್ಸ್‌ನವರೇ ಆದ ಆಂಟೋನಿಯೊ ಗಾರ್ಜುಲೊ ಮತ್ತು ಸೆನೆಗಲ್‌ನಿಂದ ಬಂದ ಅವರ ಗೆಳೆಯರು ಸೇರಿ ‘ಆಫ್ರೋ-ನಾಪೋಲಿ ಯುನೈಟೆಡ್’ ಶುರು ಮಾಡಿದರು. ಆಫ್ರಿಕಾದ ಹಲವು ದೇಶಗಳ ಹುಡುಗರು, ನೇಪಲ್ಸ್ ಹುಡುಗರು, ಎಲ್ಲರಿಗೂ ಒಂದೇ ಜರ್ಸಿ. ಮೊದಲು ಹವ್ಯಾಸಿ ಟೂರ್ನಿಗಳಲ್ಲಿ ಆಡಿದರು. 2013ರಲ್ಲಿ ಇಟಲಿ ಫುಟ್‌ಬಾಲ್ ಫೆಡರೇಷನ್ನಿನ ಲೀಗ್‌ಗೆ ಕಾಲಿಟ್ಟರು. ಅದೂ ಕಟ್ಟಕಡೆಯ, ಅಂದರೆ ಈಗಿನ ಲೆಕ್ಕದಲ್ಲಿ ಒಂಬತ್ತನೇ ಹಂತಕ್ಕೆ. ಅಲ್ಲಿಂದ ಗೆಲ್ಲುತ್ತಾ ಗೆಲ್ಲುತ್ತಾ ಐದನೇ ಹಂತಕ್ಕೆ ಏರಿದರು. ಆಮೇಲೆ ಹೆಸರು ‘ನಾಪೋಲಿ ಯುನೈಟೆಡ್’ ಆಯಿತು. ಹಿಂದೆ ನೇಪಲ್ಸ್ ತಂಡಕ್ಕೆ ಆಡಿದ ಫುಟ್‌ಬಾಲ್ ದಿಗ್ಗಜ ಮರಡೋನಾ ಅವರ ಮಗ ಡಿಯೇಗೊ ಜೂನಿಯರ್ ಕೋಚ್ ಆಗಿ ಬಂದರು. ನೇಪಲ್ಸ್‌ನಲ್ಲಿ ಮರಡೋನಾ ಅಂದರೆ ದೇವರ ಸಮ. ಊರು ಈ ತಂಡವನ್ನು ತನ್ನದು ಅಂದುಕೊಂಡಿದೆ ಅನ್ನುವುದಕ್ಕೆ ಇನ್ನೇನು ಬೇಕು?

ಸಂಜೆ ಸುಮ್ನೆ ಚೆಂಡು ಒದೆಯುವಾಗ ನಮ್ಮವರು ನಮ್ಮವರೇ ಇರುತ್ತೇವೆ, ಅಲ್ವಾ? ಲೀಗ್ ಸೇರಿದರೆ ಹಾಗಲ್ಲ. ವಾರವಾರ ಪಕ್ಕದೂರಿಗೆ ಹೋಗಬೇಕು, ಅವರು ಇಲ್ಲಿಗೆ ಬರಬೇಕು. ಅಲ್ಲಿ ಇನ್ನೊಂದು ಪದ್ಧತಿಯಿದೆ. ಪಂದ್ಯಕ್ಕೆ ಮುಂಚೆ ರೆಫ್ರಿ ಪಟ್ಟಿ ಹಿಡಿದು ಬಂದು ಒಬ್ಬೊಬ್ಬರ ಮನೆತನದ ಹೆಸರು ಕೂಗುತ್ತಾರೆ. ಆಟಗಾರ ತನ್ನ ಹೆಸರು ಹೇಳಿ, ಜರ್ಸಿಯ ನಂಬರ್ ತೋರಿಸಬೇಕು, ಥೇಟ್ ನಮ್ಮ ಶಾಲೆಯ ಹಾಜರಿಯ ಹಾಗೆ. ವಾಸದ ಪರ್ಮಿಟ್ ಕೊಡುವ ಕಚೇರಿಯ ಸಾಲಿನಲ್ಲಿ ಮಾತ್ರ ಹೆಸರು ಕರೆಸಿಕೊಂಡು ಅಭ್ಯಾಸವಾದ ಹುಡುಗನಿಗೆ ಅದು ಸಣ್ಣ ಮಾತಲ್ಲ.

ತೊಂದರೆ ಬರುವುದು ಆಟದಲ್ಲಲ್ಲ, ಕಾಗದಪತ್ರದಲ್ಲಿ. ಯುರೋಪ್ ಒಕ್ಕೂಟದ ಹೊರಗಿನವರು ಫೆಡರೇಷನ್ನಿನಲ್ಲಿ ನೋಂದಾಯಿಸಲು ವಾಸದ ಪರ್ಮಿಟ್, ವಿಳಾಸದ ದಾಖಲೆ ಕೊಡಬೇಕು. ಎಷ್ಟೋ ಒಳ್ಳೆ ಆಟಗಾರರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಬಾಡಿಗೆ ಕರಾರು ಇಲ್ಲದಿದ್ದರೆ ವಿಳಾಸ ಎಲ್ಲಿಂದ ತರುವುದು? ನಿಮ್ಮ ಮಗ ಭಾರತದಲ್ಲಿ ಯಾವುದಾದರೂ ಕ್ಲಬ್‌ನಲ್ಲಿ ನೋಂದಣಿ ಆಗಿದ್ದರೆ ಭಾರತದ ಫೆಡರೇಷನ್ನಿನಿಂದ ವರ್ಗಾವಣೆ ಪತ್ರವೂ ಬೇಕು. ಜೊತೆಗೆ ಪ್ರತಿ ವರ್ಷ ಕ್ರೀಡಾ ವೈದ್ಯರ ತಪಾಸಣೆ ಕಡ್ಡಾಯ, ಇಸಿಜಿ ಸಮೇತ. ಇದನ್ನು ಕಿರಿಕಿರಿ ಅಂದುಕೊಳ್ಳಬೇಡಿ. ಓಡುವ ಮಕ್ಕಳ ಎದೆ ನೋಡಿಸುವುದು ಒಳ್ಳೆಯದೇ. 18 ತುಂಬದ ಹುಡುಗರಿದ್ದರೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫೀಫಾದ ನಿಯಮ ಇನ್ನೂ ಬಿಗಿ. ಅವರ ಕಾಗದ ಜಾಸ್ತಿ ಎಚ್ಚರದಿಂದ ನೋಡಬೇಕು.

ಹಾಗಾಗಿ ಮೊದಲ ವರ್ಷ ಹವ್ಯಾಸಿ ಟೂರ್ನಿಯೇ ಸಾಕು, ಅಷ್ಟರಲ್ಲಿ ದಾಖಲೆ ಹೊಂದಿಸಿಕೊಳ್ಳಲಿ. ಇನ್ನೊಂದು ಮಾತು ಮಗನಿಗೆ ಹೇಳಿ: ಮೊದಲ ಸಭೆಗೇ ಆ ಬೀದಿಯ ಇಬ್ಬರು ಹುಡುಗರನ್ನು ಕರೆಯಲಿ. ಮೈದಾನದ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅನ್ನುವುದು ಅವರಿಗೇ ಗೊತ್ತಿರುತ್ತದೆ.