ನಮ್ಮ ಮುಂದೆ ಇಳಿದ ವಿಮಾನ ಇನ್ನೂ ರನ್‌ವೇ ಮೇಲಿದ್ದಾಗ ಇಳಿಯಬಹುದಾ?

ಒಬ್ಬರೇ ಹಾರಿಸುವ ಸೋಲೋ ಹಾರಾಟದಲ್ಲಿ ಫೈನಲ್‌ಗೆ, ಅಂದರೆ ರನ್‌ವೇಗೆ ನೇರವಾಗಿ ಇಳಿದು ಬರುವ ಕೊನೆಯ ಹಂತಕ್ಕೆ ಬಂದಾಗ ಮುಂದಿನ ವಿಮಾನ ರನ್‌ವೇ ಬಿಟ್ಟಿರಲಿಲ್ಲ, ಕಂಟ್ರೋಲ್ ಟವರ್ ಆಗಲೇ ಇಳಿಯಲು ಅನುಮತಿ ಕೊಟ್ಟಿತ್ತು, ಆದರೂ ನೀವು ಇಳಿಯದೆ ಮತ್ತೆ ಮೇಲೇರಿ ಗೋ ಅರೌಂಡ್ ಮಾಡಿದಿರಿ. ಇನ್‌ಸ್ಟ್ರಕ್ಟರ್ "ಜಾಗ ಬೇಕಾದಷ್ಟಿತ್ತಲ್ಲ" ಅಂದರು. ತಪ್ಪು ಮಾಡಿದೆನಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ.

ಇನ್‌ಸ್ಟ್ರಕ್ಟರ್ ಮಾತಿಗೂ ಆಧಾರ ಇದೆ. ಅಮೆರಿಕದಲ್ಲಿ ಎರಡೂ ಸಣ್ಣ ಸಿಂಗಲ್ ಎಂಜಿನ್ ವಿಮಾನಗಳಾಗಿದ್ದು, ಹಗಲಾಗಿದ್ದು, ಕಂಟ್ರೋಲರ್‌ಗೆ ಗುರುತುಗಳ ಸಹಾಯದಿಂದ ದೂರ ಅಂದಾಜಿಸಲು ಆಗುವಂತಿದ್ದರೆ, ನಡುವೆ 3,000 ಅಡಿ ಇದ್ದರೆ ಸಾಕು. ಮುಂದಿನದು ರನ್‌ವೇ ಮೇಲಿದ್ದರೂ ಹಿಂದಿನದು ಇಳಿಯಬಹುದು. ಆದರೆ ಅದು ಕಂಟ್ರೋಲರ್ ಪಾಲಿಸಬೇಕಾದ ಕನಿಷ್ಠ ಲೆಕ್ಕ. ಅನುಮತಿ ಸಿಕ್ಕಿತು ಅಂತ ಇಳಿಯಲೇಬೇಕಾಗಿಲ್ಲ. ಕೊನೆಯ ಮಾತು ಪೈಲಟ್‌ನದೇ.

ನನಗೆ ಇದು ತಲೆಗೆ ಹತ್ತಿದ್ದು ಕಲಿಯುತ್ತಿದ್ದ ದಿನಗಳಲ್ಲಿ. ಮುಂದಿನ ವಿಮಾನ ವೇಗ ತಗ್ಗಿಸಿ ರನ್‌ವೇಯಿಂದ ಹೊರಹೋಗುವ ದಾರಿಯಾದ ಟ್ಯಾಕ್ಸಿವೇ ಕಡೆ ಮೂಗು ತಿರುಗಿಸಿದ್ದನ್ನು ನೋಡಿದೆ. ಹೊರಗೆ ಹೋಯಿತು ಅಂತ ಅಲ್ಲೇ ತೀರ್ಮಾನಿಸಿಬಿಟ್ಟೆ. ಫ್ಲೇರ್ ಮಾಡುವಾಗ (ನೆಲ ಮುಟ್ಟುವ ಮುನ್ನ ಮೂಗೆತ್ತುವಾಗ) ತಲೆಯೆತ್ತಿ ನೋಡಿದರೆ ಅದರ ಬಾಲದ ಕೆಂಪು ದೀಪ ರನ್‌ವೇ ಮೇಲೇ ಮಿನುಗುತ್ತಿತ್ತು. ಟ್ಯಾಕ್ಸಿವೇ ಬಾಯಲ್ಲಿ ಇನ್ನೊಂದು ವಿಮಾನ ಅಡ್ಡ ನಿಂತಿತ್ತು. ಆಗಲೂ ಮೇಲೇಳಬಹುದಿತ್ತು, ಆದರೆ ಮನಸ್ಸು ಆಗಲೇ ಇಳಿದಾಗಿತ್ತು. ಬ್ರೇಕ್ ಒತ್ತಿ ಹಿಡಿದೆ. ನಿಂತಿತು, ಸರಿ. ಕೆಳಗಿಳಿದು ನೋಡಿದರೆ ಟೈರಿನ ಒಂದು ಕಡೆ ಅಂಗೈ ಅಗಲ ಉಜ್ಜಿ ಚಪ್ಪಟೆಯಾಗಿತ್ತು.

ಅಂದಿನಿಂದ ಒಂದು ಎತ್ತರ ಇಟ್ಟುಕೊಂಡಿದ್ದೇನೆ: ನೆಲದಿಂದ 200 ಅಡಿ. ಅಲ್ಲಿಗೆ ಬರುವಷ್ಟರಲ್ಲಿ ರನ್‌ವೇ ಖಾಲಿ ಇಲ್ಲ ಅಂದರೆ ಯೋಚನೆ ಇಲ್ಲ, ಗೋ ಅರೌಂಡ್. ಇದು ನನ್ನ ಅಭ್ಯಾಸ, ನಿಯಮವಲ್ಲ. 60 ನಾಟ್ ವೇಗದಲ್ಲಿ ಮಾಮೂಲಿ ಇಳಿಜಾರಿನಲ್ಲಿ ಬರುವಾಗ ಆ ಎತ್ತರದಿಂದ ನೆಲಕ್ಕೆ ಸುಮಾರು 40 ಸೆಕೆಂಡ್ ಇರುತ್ತದೆ. ಗಡಿಬಿಡಿ ಇಲ್ಲದೆ ಪವರ್ ಕೊಡಬಹುದು.

ಇಷ್ಟಾದರೂ ಅಂತರ ಸಿಗಬೇಕಾದ್ದು ಫೈನಲ್‌ನಲ್ಲಲ್ಲ, ರನ್‌ವೇಗೆ ಸಮಾನಾಂತರವಾಗಿ ಎದುರು ದಿಕ್ಕಿಗೆ ಹಾರುವ ಡೌನ್‌ವಿಂಡ್‌ನಲ್ಲಿ. ಫೈನಲ್‌ನಲ್ಲಿರುವ ವಿಮಾನ ನಿಮ್ಮ ರೆಕ್ಕೆಯ ತುದಿಯನ್ನು ದಾಟಿ ಹಿಂದಕ್ಕೆ ಸರಿಯುವವರೆಗೆ ಬೇಸ್‌ಗೆ, ಅಂದರೆ ಡೌನ್‌ವಿಂಡ್‌ನಿಂದ ಫೈನಲ್ ಕಡೆಗೆ ಹೋಗುವ ಅಡ್ಡ ಹಾದಿಗೆ ತಿರುಗಬೇಡಿ. 90 ನಾಟ್‌ನಲ್ಲಿ ಅರ್ಧ ನಿಮಿಷ ಹೆಚ್ಚು ಹೋದರೆ ಅಷ್ಟೇ ದೂರವನ್ನು 65 ನಾಟ್‌ನಲ್ಲಿ ವಾಪಸ್ ಬರಬೇಕು. ಗಾಳಿಯೇ ಇಲ್ಲದಿದ್ದರೂ ಒಟ್ಟು 70 ಸೆಕೆಂಡ್ ಕೈಗೆ ಸಿಗುತ್ತದೆ. ಫೈನಲ್‌ಗೆ ಬಂದಮೇಲೆ ಅಂತರ ಮಾಡಲು ಹೋಗಿ ವೇಗವನ್ನು ಇಳಿದು ಬರುವಾಗ ಇರಬೇಕಾದ ಅಪ್ರೋಚ್ ಸ್ಪೀಡ್‌ಗಿಂತ ಕೆಳಗೆ ಇಳಿಸುವುದನ್ನು ನೋಡಿದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಕಡಿಮೆ ಎತ್ತರದಲ್ಲಿ ಸ್ಟಾಲ್ ಆದರೆ (ರೆಕ್ಕೆ ಎತ್ತುವ ಬಲ ಕಳೆದುಕೊಂಡರೆ) ಸರಿಪಡಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ಮುಂದಿನದು ದೊಡ್ಡ ವಿಮಾನವಾದರೆ ಲೆಕ್ಕವೇ ಬೇರೆ. ಅದರ ರೆಕ್ಕೆ ಬಿಟ್ಟುಹೋದ ಸುಳಿಗಾಳಿ ಕೆಳಗಿಳಿಯುತ್ತದೆ, ಹಾಗಾಗಿ ಅದರ ದಾರಿಗಿಂತ ಮೇಲೇ ಇದ್ದು, ಅದು ನೆಲ ಮುಟ್ಟಿದ ಜಾಗ ದಾಟಿ ಇಳಿಯಬೇಕು.

ಇನ್ನೊಂದು ಮಾತು. ಗೋ ಅರೌಂಡ್ ಮಾಡಿದಾಗ ಮುಂದಿನ ವಿಮಾನದ ನೆತ್ತಿಯ ಮೇಲೇ ಹೋದಿರಾ? ಹಾಗಾದರೆ ಅದು ನಿಮ್ಮ ಮೂಗಿನ ಕೆಳಗೆ ಮರೆಯಾಗಿರುತ್ತದೆ. ಅದೂ ಟಚ್ ಅಂಡ್ ಗೋ ಮಾಡಿ, ಅಂದರೆ ನೆಲ ಮುಟ್ಟಿ ನಿಲ್ಲದೆ ಮೇಲೇಳುತ್ತಿದ್ದರೆ ನಿಮಗೆ ಕಾಣುವುದೇ ಇಲ್ಲ. ಸರ್ಕಿಟ್ (ರನ್‌ವೇ ಸುತ್ತ ಹಾರುವ ಸುತ್ತು) ಎಡಕ್ಕಿದ್ದರೆ, ಬಲಗಡೆ ಅಡ್ಡಿ ಇಲ್ಲ ಅಂತ ಖಚಿತ ಮಾಡಿಕೊಂಡು ಸ್ವಲ್ಪ ಬಲಕ್ಕೆ ಸರಿದು ಹಾರಿ. ಎಡ ಕಿಟಕಿಯಿಂದ ಅದು ಕಣ್ಣಿಗೆ ಬೀಳುತ್ತಿರುತ್ತದೆ. ಇದನ್ನು ಮುಂದಿನ ಪಾಠದಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಎರಡು ಮೂರು ಸಲ ಮಾಡಿ ನೋಡಿ.