ಮೊದಲು ನೀರಿನ ವಾಲ್ವ್ ಎಲ್ಲಿದೆ ಎಂದು ನೋಡಿಕೊಳ್ಳಿ

ನಮಸ್ಕಾರ. ಜನವರಿಯಲ್ಲಿ ದಾವಣಗೆರೆಯಿಂದ ಆಸ್ಟಿನ್‌ಗೆ ಬರುತ್ತಿರುವುದಾಗಿ ಬರೆದಿದ್ದೀರಿ. ಜೊತೆಗೆ ನಿಮ್ಮ ಮನೆಯವರು, ಒಂದು ವರ್ಷದ ಮಗು. ಟೆಕ್ಸಸ್ ಎಂದರೆ ಬಳ್ಳಾರಿಯ ಬಿಸಿಲು ಎನ್ನುತ್ತಾರೆ ಕೆಲವರು, ಅಲ್ಲಿ ಹಿಮ ಬಿದ್ದು ದಿನಗಟ್ಟಲೆ ಕರೆಂಟ್ ಇರಲಿಲ್ಲವಂತೆ ಎನ್ನುತ್ತಾರೆ ಇನ್ನು ಕೆಲವರು, ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ. ಎರಡೂ ನಿಜ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವುದು ಇಲ್ಲಿ ಹೊಸದೇನಲ್ಲ, ಅದನ್ನು ನೀವು ನಿಭಾಯಿಸುತ್ತೀರಿ. ಚಳಿಯ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ಚಳಿಯನ್ನು ಗಮನದಲ್ಲಿಟ್ಟು ಕಟ್ಟಿದ ಊರಲ್ಲ.

ನೀವು ಕೇಳಿರುವುದು 2021ರ ಫೆಬ್ರವರಿಯ ಸುದ್ದಿ. ಭಾನುವಾರ ರಾತ್ರಿ ಆರಂಭವಾದ ಹಿಮ ಬೆಳಗಾಗುವಷ್ಟರಲ್ಲಿ ಆರು ಇಂಚಿನಷ್ಟು ಬಿದ್ದಿತ್ತು. ಸೋಮವಾರ, 15ರ ನಸುಕಿನಲ್ಲಿ ಕರೆಂಟ್ ಹೋಯಿತು. ಒಂದೊಂದು ಬಡಾವಣೆಗೆ ಸರದಿಯಂತೆ ಸ್ವಲ್ಪ ಹೊತ್ತು ಕರೆಂಟ್ ತೆಗೆಯುತ್ತಾರೆ ಎಂಬ ಸೂಚನೆ ಇತ್ತು. ಸರದಿ ತಿರುಗಲೇ ಇಲ್ಲ. ನೈಸರ್ಗಿಕ ಅನಿಲದ ಬಾವಿಗಳು, ಕೊಳವೆಗಳು ಹೆಪ್ಪುಗಟ್ಟಿದ್ದವು, ವಿದ್ಯುತ್ ಸ್ಥಾವರಗಳು ಒಂದರ ಹಿಂದೆ ಒಂದು ನಿಂತಿದ್ದವು. ಟೆಕ್ಸಸ್‌ನ ಬಹುಭಾಗಕ್ಕೆ ತನ್ನದೇ ಪ್ರತ್ಯೇಕ ವಿದ್ಯುತ್ ಜಾಲ. ದೇಶದ ಪೂರ್ವ, ಪಶ್ಚಿಮದ ದೊಡ್ಡ ಜಾಲಗಳಿಂದ ತರಿಸಿಕೊಳ್ಳಬಹುದಾದ ವಿದ್ಯುತ್ ತೀರಾ ಕಡಿಮೆ. ಪಶ್ಚಿಮದ ಜಾಲಕ್ಕೆ ಸೇರಿದ ಎಲ್ ಪಾಸೊ ನಗರ ಇದೇ ರಾಜ್ಯದಲ್ಲಿದ್ದರೂ ಹೆಚ್ಚಿನ ತೊಂದರೆಯಿಲ್ಲದೆ ಪಾರಾಯಿತು. ಉಳಿದೆಡೆ 45 ಲಕ್ಷದಷ್ಟು ಮನೆಗಳು ಕತ್ತಲಾದವು. ಇನ್ನು ಐದು ನಿಮಿಷ ಪರಿಸ್ಥಿತಿ ಹಾಗೆಯೇ ಮುಂದುವರಿದಿದ್ದರೆ ಇಡೀ ಜಾಲವೇ ಕುಸಿಯುತ್ತಿತ್ತು ಎಂದು ಆಮೇಲೆ ತಿಳಿಯಿತು.

ಇಲ್ಲಿನ ಮನೆಗಳು ಮರದ ಚೌಕಟ್ಟಿನವು. ಎಷ್ಟೋ ಮನೆಗಳಲ್ಲಿ ನೀರಿನ ಪೈಪುಗಳು ಛಾವಣಿಯ ಕೆಳಗಿನ ಅಟ್ಟದಲ್ಲಿ, ಹೊರಗೋಡೆಗಳ ಒಳಗೆ ಹಾದುಹೋಗಿರುತ್ತವೆ. ಹೀಟರ್ ನಿಂತರೆ ಚಳಿ ನೇರ ಅಲ್ಲಿಗೇ ನುಗ್ಗುತ್ತದೆ. ಪೈಪಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಒತ್ತಡಕ್ಕೆ ಪೈಪು ಬಿರಿಯುತ್ತದೆ. ಆಗ ಏನೂ ಗೊತ್ತಾಗುವುದಿಲ್ಲ. ಬಿಸಿಲು ಬಂದು ಕರಗಿದಾಗ ಛಾವಣಿಯಿಂದ ನೀರು ಸುರಿಯತೊಡಗುತ್ತದೆ. ನಮ್ಮ ಬೀದಿಯಲ್ಲೇ ಒಂದು ಮನೆಯ ಹಾಲ್‌ನ ಛಾವಣಿ ಹಾಸು ಒದ್ದೆಯಾಗಿ ಕಳಚಿ ಸೋಫಾದ ಮೇಲೆ ಬಿದ್ದಿತ್ತು.

ಆ ವಾರ ನಮ್ಮನ್ನು ಕಾಪಾಡಿದವರು ಇಬ್ಬರು. ಎದುರು ಮನೆಯ ನಿವೃತ್ತರೊಬ್ಬರು ಉದ್ದನೆಯ ಕಬ್ಬಿಣದ ಕೀ ಹಿಡಿದು, ಮೊಣಕಾಲವರೆಗಿನ ಬೂಟು ತೊಟ್ಟು ಮನೆಯಿಂದ ಮನೆಗೆ ಬಂದರು. ನಮ್ಮ ಮನೆಯ ಮುಂದೆ ರಸ್ತೆಯ ಅಂಚಿನಲ್ಲಿ ಹಿಮ ಸರಿಸಿ, ನೆಲಮಟ್ಟದಲ್ಲಿದ್ದ ಮುಚ್ಚಳವನ್ನು ಸ್ಕ್ರೂ ಡ್ರೈವರ್‌ನಿಂದ ಎಬ್ಬಿದರು. ಒಳಗೆ ಕೆಸರು, ಒಣಗಿದ ಎಲೆ, ಮೀಟರು. ಬರಿಗೈಯಲ್ಲೇ ಕೆಸರು ತೆಗೆದು, ಕೀಯ ಕವಲು ತುದಿಯನ್ನು ವಾಲ್ವಿಗೆ ಸಿಕ್ಕಿಸಿ ಕಾಲು ಸುತ್ತು ತಿರುಗಿಸಿದರು. ‘ಈಗ ಎಲ್ಲ ನಲ್ಲಿಗಳನ್ನೂ ತೆರೆದು ಪೈಪು ಖಾಲಿ ಮಾಡಿ’ ಎಂದು ಹೇಳಿ ಪಕ್ಕದ ಮನೆಗೆ ನಡೆದರು. ಆ ಕಾಲು ಸುತ್ತಿನಿಂದ ನಮ್ಮ ಮನೆ ಉಳಿಯಿತು.

ಇನ್ನೊಬ್ಬರು ಪಕ್ಕದ ಮನೆಯ ವೃದ್ಧೆ. ಅದು ಕೋವಿಡ್ ಕಾಲ. ಲಸಿಕೆ ಆಗತಾನೆ ಬರುತ್ತಿತ್ತು, ಒಬ್ಬರ ಮನೆಯೊಳಗೆ ಇನ್ನೊಬ್ಬರು ಕಾಲಿಡಲು ಹೆದರುತ್ತಿದ್ದ ದಿನಗಳು. ನಮ್ಮದು ಕರೆಂಟ್ ಒಲೆ, ಅವರದು ಗ್ಯಾಸ್. ಕಡ್ಡಿ ಗೀರಿ ಒಲೆ ಹೊತ್ತಿಸಿ, ನಮ್ಮ ಮಗಳ ಹಾಲಿಗೆ ನೀರು ಕಾಯಿಸಿ ಫ್ಲಾಸ್ಕ್‌ಗೆ ತುಂಬಿಕೊಟ್ಟರು. ಕರೆಂಟ್ ಬರುವವರೆಗೂ ಬೆಳಿಗ್ಗೆ, ಸಂಜೆ ಅದನ್ನು ತಪ್ಪಿಸಲಿಲ್ಲ. ಅಷ್ಟರಲ್ಲಿ ನಗರದ ನೀರು ಶುದ್ಧೀಕರಣ ಘಟಕವೂ ಕೆಟ್ಟು, ನಲ್ಲಿ ನೀರನ್ನು ಕುದಿಸದೆ ಕುಡಿಯಬಾರದು ಎಂಬ ಸೂಚನೆ ಬಂದಿತ್ತು. ಕುದಿಸಲು ಒಲೆಯೇ ಇಲ್ಲದ ಮನೆಗೆ ಆ ಫ್ಲಾಸ್ಕ್ ಎಂಥದ್ದು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ, ನೀವೂ ಮಗುವಿನ ತಂದೆ.

ಕರೆಂಟ್ ಬಂದ ದಿನ ಬಿಸಿನೀರಿನ ನಲ್ಲಿಯ ಕೆಳಗೆ ಕೈಯಿಟ್ಟು ನನ್ನ ಹೆಂಡತಿ ಅತ್ತಳು. ನನಗೂ ಗಂಟಲು ಕಟ್ಟಿತ್ತು. ಕಂಬ ಹತ್ತಿ ಮಂಜುಗಡ್ಡೆ ಮೆತ್ತಿದ ತಂತಿ ಸರಿಪಡಿಸಿದ ಲೈನ್‌ಮನ್‌ಗಳನ್ನು ಕಂಡರೆ ಇಂದಿಗೂ ಕಾರು ನಿಲ್ಲಿಸಿ ಧನ್ಯವಾದ ಹೇಳುತ್ತೇನೆ. ಆದರೆ ನಿಮಗೆ ಇದನ್ನೂ ಹೇಳಲೇಬೇಕು: ರಾಜ್ಯದ ಅಧಿಕೃತ ಲೆಕ್ಕದಲ್ಲೇ ಆ ಹಿಮಬಿರುಗಾಳಿಗೆ 246 ಜನ ಬಲಿಯಾದರು. ಎಷ್ಟೋ ಮಂದಿ ತಮ್ಮದೇ ಮನೆಯೊಳಗೆ ಚಳಿಗೆ ಸತ್ತರು. ಬೆಚ್ಚಗಿರಲೆಂದು ಮನೆಯೊಳಗೆ ಇದ್ದಿಲು ಉರಿಸಿದವರು, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು ಕುಳಿತವರು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದಿಂದ ಸತ್ತರು. ನಾವು ಉಳಿದದ್ದು ದೇವರ ಕೃಪೆ ಎಂದು ಊರಿನಲ್ಲಿ ಎಲ್ಲರೂ ಹೇಳಿದರು. ದೇವರನ್ನು ನಂಬುವವನೇ ನಾನು. ಆದರೂ ಆ ವೃದ್ಧೆಯಂಥವರು ಪಕ್ಕದಲ್ಲಿ ಇಲ್ಲದ ಮನೆಗಳೂ ಇದ್ದವು ಎಂಬುದನ್ನು ಮರೆತು ಕೈಮುಗಿಯಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾಗಿ ನನ್ನ ಸಲಹೆ ಜಾಕೆಟ್‌ನಿಂದ ಶುರುವಾಗುವುದಿಲ್ಲ. ಜಾಕೆಟ್ ಇಲ್ಲೇ ಸಿಗುತ್ತದೆ. ಮನೆಗೆ ಕಾಲಿಟ್ಟ ದಿನವೇ ನೀರಿನ ವಾಲ್ವ್ ಎಲ್ಲಿದೆ ನೋಡಿ. ಅಪಾರ್ಟ್‌ಮೆಂಟ್ ಆದರೆ ಅಲ್ಲಿನ ಕಚೇರಿಯವರನ್ನು ಬಿಡದೆ ಕೇಳಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಕೊಂಡು ಮಲಗುವ ಕೋಣೆಯ ಹತ್ತಿರ ಹಾಕಿ. ಊರಿಂದ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ತನ್ನಿ. ಒಲೆಯಿಲ್ಲದ ದಿನ ಅವೇ ಊಟ. ಮಗುವಿನ ಔಷಧಿ, ಹಾಲಿನ ಪುಡಿ, ಕುಡಿಯುವ ನೀರು ಒಂದು ವಾರಕ್ಕಾಗುವಷ್ಟು ಸದಾ ಇರಲಿ. ಮಂಜುಗಡ್ಡೆ ಕಟ್ಟಿದ ದಿನ ಕಾರು ತೆಗೆಯಲೇಬೇಡಿ, ಮೇಲ್ಸೇತುವೆಗಳು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ. ಅದೇ 2021ರ ಫೆಬ್ರವರಿ 11ರಂದು ಫೋರ್ಟ್ ವರ್ತ್‌ನ ಹೆದ್ದಾರಿಯಲ್ಲಿ ನೂರಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಗುದ್ದಿ ಆರು ಜನ ತೀರಿಕೊಂಡರು. ರಜೆ ಕೇಳಲು ಸಂಕೋಚ ಬೇಡ, ಅಂಥ ದಿನ ಇಡೀ ಊರೇ ರಜೆ ಹಾಕಿರುತ್ತದೆ.

ಇನ್ನು ಅಕ್ಕಪಕ್ಕದವರ ಪರಿಚಯ. ನಮ್ಮವರು ಇಲ್ಲಿಗೆ ಬಂದರೆ ವಾರಾಂತ್ಯಕ್ಕೆ ಮೂವತ್ತು ಮೈಲಿ ಓಡಿಸಿ ಕನ್ನಡಿಗರ ಮನೆಗೆ ಹೋಗುತ್ತೇವೆ, ಗೋಡೆಯಾಚೆ ಇರುವವರ ಹೆಸರು ಗೊತ್ತಿರುವುದಿಲ್ಲ. ಹಿಮ ಬಿದ್ದ ದಿನ ಆ ಮೂವತ್ತು ಮೈಲಿ ದಾಟಲಾಗುವುದಿಲ್ಲ. 2023ರ ಆರಂಭದಲ್ಲಿ ಮತ್ತೆ ಮಂಜುಗಡ್ಡೆಯ ಮಳೆ ಸುರಿದು, ಓಕ್ ಮರದ ಕೊಂಬೆಗಳು ರಾತ್ರಿಯಿಡೀ ಪಟಾಕಿಯಂತೆ ಸಿಡಿದು ತಂತಿಗಳ ಮೇಲೆ ಬಿದ್ದವು. ನಗರದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟ್ ಇರಲಿಲ್ಲ. ಆ ಹೊತ್ತಿಗೆ ನಮ್ಮ ಬೀದಿಯವರ ಬಳಿಯೆಲ್ಲ ಒಬ್ಬರಿಗೊಬ್ಬರ ಫೋನ್ ನಂಬರ್‌ಗಳಿದ್ದವು. ಕರೆಂಟ್ ಇದ್ದ ಮನೆಗಳಲ್ಲಿ ಇಲ್ಲದವರು ಮಲಗಿದರು. ಆ ವೃದ್ಧೆ ಆ ಸಲ ನಮ್ಮ ಮನೆಯಲ್ಲಿದ್ದರು.

ನಿಮ್ಮ ತಂದೆಯವರಿಗೆ ಗಾಬರಿಯಾಗಿದೆ ಎಂದು ಬರೆದಿದ್ದೀರಿ. 2021ರ ನಂತರ ಇಲ್ಲಿನ ಶಾಸನಸಭೆ ಸ್ಥಾವರಗಳನ್ನು ಚಳಿಗೆ ಸಜ್ಜುಗೊಳಿಸಬೇಕೆಂದು ಕಾನೂನು ಮಾಡಿದೆ ಎಂದು ಅವರಿಗೆ ಹೇಳಿ. ಬೇಕಿದ್ದರೆ ನನ್ನ ನಂಬರ್ ಕೊಡಿ, ನಾನೇ ಮಾತನಾಡುತ್ತೇನೆ. ಮನೆ ಗೊತ್ತಾದ ಮೇಲೆ ವಿಳಾಸ ಕಳುಹಿಸಿ. ಈಗ ನನ್ನ ಬಳಿಯೂ ಅಂಥದೊಂದು ಕೀ ಇದೆ, ನೀವು ಬಂದ ವಾರವೇ ತೆಗೆದುಕೊಂಡು ಬರುತ್ತೇನೆ.