ಇಂಗ್ಲೆಂಡಿನಿಂದ ವೇಪ್ ತರಲಾ ಎಂದ ಮಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 50 ದಾಟಿದೆ, ಹಾರ್ಡ್‌ವೇರ್ ಅಂಗಡಿ ಇದೆ. ದಿನಕ್ಕೆ 20 ಸಿಗರೇಟು, ಮೊದಲನೆಯದು ಹಾಸಿಗೆ ಬಿಟ್ಟ ತಕ್ಷಣ. ಸಿಗರೇಟು ಬಿಡಲು ಸಲಹೆ ಕೊಡುವ ನನ್ನ ಹತ್ತಿರ ಹೃದಯದ ಡಾಕ್ಟರು ಕಳಿಸಿದ್ದರು. ಹೆಂಡತಿ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಇಂಗ್ಲೆಂಡಿನಿಂದ ಮಗ.

"ಇಲ್ಲಿ ಎನ್‌ಎಚ್‌ಎಸ್‌ನವರೇ ವೇಪ್ ಮಾಡಿ ಅಂತಾರೆ ಮೇಡಂ. ಬರುವಾಗ ತರ್ತೀನಿ. ನೀವೊಂದು ಮಾತು ಹೇಳಿ, ಅಪ್ಪ ಕೇಳ್ತಾರೆ."

ವೇಪ್ ಅಂದರೆ ಬ್ಯಾಟರಿಯಿಂದ ನಿಕೋಟಿನ್ ಆವಿ ಕೊಡುವ ಇ-ಸಿಗರೇಟು; ಎನ್‌ಎಚ್‌ಎಸ್ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ. ಮಗ ಹೇಳಿದ್ದು ನಿಜ. 2019ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ ಇ-ಸಿಗರೇಟು ಪಡೆದವರಲ್ಲಿ ಶೇ. 18 ಮಂದಿ ವರ್ಷದ ಕೊನೆಗೆ ಸಿಗರೇಟು ಬಿಟ್ಟಿದ್ದರು. ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಥರದ್ದು ಪಡೆದವರಲ್ಲಿ ಶೇ. 9.9 ಮಾತ್ರ. ಆದರೆ ಇ-ಸಿಗರೇಟು ಪಡೆದು ಬಿಟ್ಟವರಲ್ಲಿ ಶೇ. 80 ಮಂದಿ ಆಗಲೂ ವೇಪ್ ಸೇದುತ್ತಲೇ ಇದ್ದರು. ಎರಡನ್ನೂ ಹೇಳಿದೆ. ವೇಪ್ ಸಿಗರೇಟಿಗಿಂತ ಕೆಟ್ಟದ್ದು ಅಂತ ಸುಮ್ನೆ ಹೆದರಿಸಿ ಕಳಿಸುವ ಸಲಹೆಗಾರರಿದ್ದಾರೆ. ನನಗದು ಒಪ್ಪಿಗೆಯಿಲ್ಲ.

ಆದರೂ ತನ್ನಿ ಎನ್ನಲಿಲ್ಲ. ನಮ್ಮಲ್ಲಿ 2019ರ ಕಾಯ್ದೆಯ ಪ್ರಕಾರ ಇ-ಸಿಗರೇಟು ಮಾರುವುದಷ್ಟೇ ಅಲ್ಲ, ಆಮದು ಮಾಡುವುದೂ ಅಪರಾಧ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನನ್ನ ಸಲಹೆಗೆ ಮಗ ಸಿಕ್ಕಿಬೀಳಬಾರದಲ್ವಾ? ತಂದದ್ದು ಮುಗಿದ ಮೇಲೆ ಅಪ್ಪ ಕದ್ದು ಮಾರುವವರನ್ನೇ ಹುಡುಕಬೇಕು. ಆ ಮಾಲಿನಲ್ಲಿ ಏನಿರುತ್ತದೋ ಯಾರು ಬಲ್ಲರು?

"ಗಮ್ ಎಲ್ಲಾ ಆಯ್ತು ಮೇಡಂ, ಏನೂ ಪ್ರಯೋಜನ ಇಲ್ಲ" ಎಂದರು ಅವರು. ಹೇಗೆ ತಿಂದಿರಿ ಎಂದು ಕೇಳಿದೆ. ಕಾಫಿ ಕುಡಿಯುತ್ತಾ ಬಬಲ್‌ಗಮ್ ಥರ ಅಗಿದು ಉಗಿದಿದ್ದರು! ನಿಕೋಟಿನ್ ಗಮ್ ಅನ್ನು ನಿಧಾನವಾಗಿ ಅಗಿಯಬೇಕು. ಬಾಯಿ ಚುರುಗುಟ್ಟಿದಾಗ ನಿಲ್ಲಿಸಿ ಕೆನ್ನೆಯ ಒಳಗೆ ಒತ್ತಿಡಬೇಕು. ಚುರುಗುಟ್ಟುವುದು ಇಳಿದರೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಕಾಫಿ ಕುಡಿದು 15 ನಿಮಿಷವಾದರೂ ಕಳೆದಿರಬೇಕು, ಇಲ್ಲದಿದ್ದರೆ ಬಾಯಿ ನಿಕೋಟಿನ್ ಅನ್ನು ಸರಿಯಾಗಿ ಹೀರುವುದಿಲ್ಲ. ಅಂದರೆ ಅವರು ಗಮ್ ಪ್ರಯತ್ನಿಸಿಯೇ ಇರಲಿಲ್ಲ.

ಪ್ಯಾಚ್ ಜೊತೆಗೆ ಗಮ್, ಅಥವಾ ಸಿಗರೇಟಿನ ಆಸೆ ತಗ್ಗಿಸುವ ವರೆನಿಕ್ಲಿನ್ ಮಾತ್ರೆ: ಯಾವುದು ಎಂದು ಹೃದಯದ ಡಾಕ್ಟರೇ ತೀರ್ಮಾನಿಸಲಿ ಎಂದು ಚೀಟಿ ಬರೆದುಕೊಟ್ಟೆ. ಆಸೆ ತಡೆಯದಾದಾಗ ಕರೆ ಮಾಡಲು ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಕ್ವಿಟ್‌ಲೈನ್ ನಂಬರ್ 1800-112-356 ಕೊಟ್ಟೆ. ಬೆಳಗಿನ ಕಾಫಿಯನ್ನು ಸಿಗರೇಟು ಸೇದುವ ಮೂಲೆ ಬಿಟ್ಟು ಅಡುಗೆಮನೆಯಲ್ಲಿ ಕುಡಿಯಿರಿ ಎಂದೆ.

ಕಾಯ್ದೆ ಇಲ್ಲದಿದ್ದರೆ? ಮಗನೂ ಇದನ್ನೇ ಕೇಳಿದ. ಇವೆಲ್ಲ ಸೋತ ಮೇಲೆ, ವೇಪನ್ನೂ ಹಂತ ಹಂತವಾಗಿ ನಿಲ್ಲಿಸುವ ದಿನ ಗೊತ್ತುಮಾಡಿಕೊಂಡು, ಬಹುಶಃ ಹೂಂ ಎನ್ನುತ್ತಿದ್ದೆ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ.